ಆಲ್ವಿನ್‌ನ ಊಟದ ಡಬ್ಬಿ: ಹೋಲ್ಗರ್ ಯನ್ನಾಶ್ ಸಾಕ್ಷ್ಯದ ಮರುಪರಿಶೀಲನೆ

ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ಹೋಲ್ಗರ್ ಯನ್ನಾಶ್ (1927–1998) ಹೆಸರು ಬಂದೊಡನೆ ಕಡಲಾಳದಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿದ ಸ್ಯಾಂಡ್‌ವಿಚ್ಚಿನ ಕಥೆ ಬರುತ್ತದೆ. ಹಿಂದೆಯೇ ಒಂದು ತಪ್ಪು ತೀರ್ಮಾನವೂ ಬರುತ್ತದೆ: ಕಡಲಾಳ ದೊಡ್ಡದೊಂದು ಫ್ರಿಜ್ಜು, ಅದಕ್ಕೇ ಊಟ ಕೆಡಲಿಲ್ಲ. ಆಳವೆಂದರೆ ತಂಪು ಎನ್ನುವ ಈ ಓದು ಕೋಲಾರದ ಚಿನ್ನದ ಗಣಿಗಳ ಮುಂದೆ ನಿಲ್ಲುವಂಥದ್ದಲ್ಲ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಕೆಳಗೆ ಇಳಿದಿತ್ತು; ತಳದ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಶಾಫ್ಟಿನಲ್ಲಿ ತುಂಬಿರುವುದು ಗಾಳಿ, ನೀರಲ್ಲ. ಹಾಗಾಗಿ ಒತ್ತಡ ಮೇಲಿನದಕ್ಕಿಂತ ಅರ್ಧದಷ್ಟೂ ಹೆಚ್ಚಿರದು. ಆಳ, ತಾಪ, ಒತ್ತಡ ಮೂರೂ ಬೇರೆ ಬೇರೆ ಎಂಬುದು ಪಾಳಿ ಮುಗಿಸಿ ಬೆವರಿನಲ್ಲಿ ಮಿಂದು ಮೇಲೆ ಬರುತ್ತಿದ್ದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಸಾಕ್ಷ್ಯಕ್ಕೆ ಬರೋಣ. 1968ರ ಅಕ್ಟೋಬರ್ 16ರಂದು ಅಮೆರಿಕದ ಪೂರ್ವ ತೀರದಾಚೆ, ಕಡಲಿಗಿಳಿಸುವಾಗ ಉಕ್ಕಿನ ಹಗ್ಗ ತುಂಡಾಗಿ ಆಲ್ವಿನ್ ಎಂಬ ಸಂಶೋಧನಾ ಜಲಾಂತರ್ನೌಕೆ ಮುಳುಗಿತು. ಒಳಗಿದ್ದವರು ಪಾರಾದರು, ಅವರ ಊಟದ ಡಬ್ಬಿ ಸುಮಾರು 1,540 ಮೀಟರ್ ಆಳದಲ್ಲಿ ಉಳಿಯಿತು. ಹತ್ತು ತಿಂಗಳು ಕಳೆದ ಮೇಲೆ ನೌಕೆಯನ್ನು ಎತ್ತಿದಾಗ ಬ್ರೆಡ್ಡು ನೆನೆದಿತ್ತು, ಮಾಂಸ ಹೆಚ್ಚುಕಡಿಮೆ ತಾಜಾ ಆಗಿಯೇ ಇತ್ತು, ಸೇಬು ಉಪ್ಪಿನಲ್ಲಿ ಹಾಕಿಟ್ಟಂತಾಗಿತ್ತು, ಸಾರು ಬಾಯಿಗಿಡುವಂತಿತ್ತು.

ಫ್ರಿಜ್ಜಿನ ವಾದದವರು ಇಲ್ಲಿಗೇ ಪುಟ ಮುಚ್ಚುತ್ತಾರೆ. ಆದರೆ ಅದೇ ಆಹಾರವನ್ನು ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯಲ್ಲಿ 3 ಡಿಗ್ರಿಯ ನಿಜವಾದ ಫ್ರಿಜ್ಜಿನಲ್ಲಿ ಇಟ್ಟಾಗ ಅದು ಕೆಲವೇ ವಾರಗಳಲ್ಲಿ ಕೆಟ್ಟಿತು. ಕಡಲಾಳದ್ದೂ ಹೆಚ್ಚುಕಡಿಮೆ ಅಷ್ಟೇ ತಂಪು. ತಂಪೊಂದೇ ಕಾಪಾಡಿದ್ದರೆ ಇಲ್ಲೂ ಕಾಪಾಡಬೇಕಿತ್ತಲ್ಲ! ಆಮ್ಲಜನಕದ ಕೊರತೆ ಎನ್ನುವವರಿಗೂ ದಾರಿಯಿಲ್ಲ. ಅಟ್ಲಾಂಟಿಕ್‌ನ ಆ ಆಳದ ನೀರಿನಲ್ಲಿ ಆಮ್ಲಜನಕಕ್ಕೆ ಬರವಿಲ್ಲ. (ಮೇಲೆ ತಂದ ಮೇಲೆ ಹೊಸ ಸೂಕ್ಷ್ಮಜೀವಿಗಳು ಸೇರಿರಬಹುದು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಅದನ್ನು ಎತ್ತುವವರು ಮುಂದಿನ ಪ್ರಯೋಗಗಳನ್ನೂ ಓದುವ ಸೌಜನ್ಯ ತೋರಬೇಕು.)

ಯನ್ನಾಶ್ ಅಪಘಾತವನ್ನು ಪ್ರಯೋಗವೆಂದು ಕರೆದು ಸುಮ್ಮನಾದವರಲ್ಲ. ಆಹಾರವಸ್ತುಗಳನ್ನು ಆಳಕ್ಕೆ ಇಳಿಸಿ, ಅದೇ ತಾಪದಲ್ಲಿ ಮೇಲಿಟ್ಟ ಮಾದರಿಗಳೊಡನೆ ಹೋಲಿಸಿದರು. 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮೂವರು ಸಹಲೇಖಕರೊಡನೆ ಪ್ರಕಟಿಸಿದ ಫಲಿತಾಂಶ ಇದು: ಆಳದಲ್ಲಿ ಕೊಳೆಯುವ ವೇಗ 10ರಿಂದ 100 ಪಟ್ಟು ಕಡಿಮೆ. ತಾಪವನ್ನು ಸರಿದೂಗಿಸಿದ ಮೇಲೂ ಉಳಿದ ವ್ಯತ್ಯಾಸ ಇದು; ಬೆರಳು ತೋರುವುದು ಒತ್ತಡದತ್ತ. ಎಲ್ಲರೂ ಡಬ್ಬಿಯನ್ನು ಉಲ್ಲೇಖಿಸುತ್ತಾರೆ, ಈ ಹೋಲಿಕೆಯನ್ನು ಮಾತ್ರ ಬಿಡುತ್ತಾರೆ. ಮುಂದೆ ಅವರ ತಂಡ ಆಳದ ಒತ್ತಡವನ್ನು ಬಿಡದೆಯೇ ನೀರಿನ ಮಾದರಿ ಮೇಲೆ ತರುವ ಉಪಕರಣವನ್ನೂ ಕಟ್ಟಿತು.

ಹಾಗೆಂದು ಒತ್ತಡದಲ್ಲಿ ಯಾವ ಜೀವಿಯೂ ಚುರುಕಾಗಿರದು ಎನ್ನುವುದು ಇನ್ನೊಂದು ಅತಿ. 1981ರಲ್ಲಿ ಸಂಶೋಧಕ ಯಾಯಾನೋಸ್ ಮತ್ತು ಸಂಗಡಿಗರು ಮರಿಯಾನಾ ಕಂದಕದಿಂದ, ಭಾರಿ ಒತ್ತಡವಿಲ್ಲದೆ ಬೆಳೆಯಲಾರದ ಬ್ಯಾಕ್ಟೀರಿಯಾವನ್ನು ವರದಿ ಮಾಡಿದರು. ಇದರಿಂದ ಯನ್ನಾಶ್ ಸೋತರೆಂದು ಬರೆಯುವವರು ಎರಡು ಸಂಗತಿ ಮರೆಯುತ್ತಾರೆ: ಅದು 10 ಕಿ.ಮೀ.ಗೂ ಆಳದ ಜೀವಿ, ಡಬ್ಬಿ ಇದ್ದದ್ದು ಒಂದೂವರೆ ಕಿ.ಮೀ.ಯಲ್ಲಿ; ಮತ್ತು ಡಬ್ಬಿಯೊಡನೆ ಇಳಿದದ್ದು ನೆಲದ ಮೇಲಿನ ಸೂಕ್ಷ್ಮಜೀವಿಗಳು. ಈ ವ್ಯಾಜ್ಯದಲ್ಲಿ ನಾನು ಯನ್ನಾಶ್ ಪಕ್ಷದವನು, ಮುಚ್ಚಿಡುವುದೇನಿದೆ. ಆಳದ ಜೀವಿಗಳನ್ನು ಅವರು ಕಡೆಗಣಿಸಿದವರೂ ಅಲ್ಲ: 1979ರಲ್ಲಿ ಗಲಾಪಗೋಸ್ ಬಳಿಯ ಕಡಲತಳದ ಬಿಸಿನೀರಿನ ಬುಗ್ಗೆಗಳಿಗೆ ಹೋಗಿ, ಗಂಧಕದ ಸಂಯುಕ್ತಗಳಿಂದ ಬದುಕುವ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸಿದವರೂ ಅವರೇ. ಅವರ ಹೆಸರು ಹೊತ್ತ, ಬುಗ್ಗೆಯಿಂದಲೇ ಬಂದ ಮೆಥನೊಕಾಕಸ್ ಯನ್ನಾಶಿಯ ಜೀನೋಮ್ 1996ರಲ್ಲಿ ಹೊರಬಂತು. ಆರ್ಕಿಯಾ ಎಂಬ, ಬ್ಯಾಕ್ಟೀರಿಯಾಗಳಿಗಿಂತ ಬೇರೆಯಾದ ಸೂಕ್ಷ್ಮಜೀವಿಗಳಲ್ಲಿ ಪೂರ್ಣವಾಗಿ ಓದಲಾದ ಮೊದಲ ಜೀನೋಮ್ ಅದು.

ಈ ಜಗಳ ಬರೀ ಪಾಂಡಿತ್ಯದ್ದಲ್ಲ. ನಿಧಾನವಾಗಿ ಕೊಳೆಯುವ ಜಾಗ ಕಸ ಸುರಿಯಲು ತಕ್ಕುದಲ್ಲ ಎಂಬುದು 1971ರ ಅಂಕಿಗಳಿಂದ ನೇರವಾಗಿ ಹೊರಡುವ ಮಾತು. ಕಸದ ಈ ಪ್ರಶ್ನೆ ಕೋಲಾರದ ಅದೇ ಚಿನ್ನದ ಗಣಿಗಳಿಗೂ (ಕೆಜಿಎಫ್) ಇದೆ: ಅಲ್ಲಿ ಗಣಿ 2001ರಲ್ಲಿ ಮುಚ್ಚಿದ ಮೇಲೂ, ಸೈನೈಡ್ ಬಳಸಿ ಚಿನ್ನ ತೆಗೆದು ಬಿಟ್ಟ ಮೂರು ಕೋಟಿ ಟನ್‌ಗೂ ಮಿಕ್ಕ ತ್ಯಾಜ್ಯದ ದಿಬ್ಬಗಳು ಉಳಿದಿವೆ. ಬ್ಯಾಕ್ಟೀರಿಯಾ ಎಲ್ಲವನ್ನೂ ತಿಂದುಬಿಡುತ್ತದೆ ಎನ್ನುವವರು ಇಲ್ಲಿಗೂ ಅದೇ ಅವಸರ ತರುತ್ತಾರೆ. ಸೈನೈಡನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳು ನಿಜವಾಗಿಯೂ ಇವೆ. ಆದರೆ ದಿಬ್ಬಗಳಲ್ಲಿರುವ ಲೋಹವನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸದು, ಅದರ ರೂಪವನ್ನಷ್ಟೇ ಬದಲಿಸೀತು. ಹಾಗೆ ಬದಲಾದದ್ದು ಮಳೆನೀರಿನಲ್ಲಿ ಕರಗಿ ಹರಿಯುತ್ತದೆಯೋ, ಮಣ್ಣಿನಲ್ಲೇ ಕೂರುತ್ತದೆಯೋ ಎಂಬುದನ್ನು ದಿಬ್ಬ ದಿಬ್ಬಕ್ಕೂ ಅಳೆದೇ ಹೇಳಬೇಕು.