ಗೊತ್ತಿದ್ದವರು, ಅರಿತವರು, ಬಲ್ಲವರು: ಕನ್ನಡದಲ್ಲಿ ‘ನಾಲೆಜ್’ ಹಂಚಿಹೋದ ಕತೆ

ನೊಣವಿನಕೆರೆ ಸುತ್ತಿನ ತೋಟದ ಮನೆಗಳಲ್ಲಿ ಗೊತ್ತು, ತಿಳಿವು, ಅರಿವು, ಬಲ್ಲ ಎಂಬ ಮಾತುಗಳನ್ನು ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಇವತ್ತು ಕೊಬ್ಬರಿ ರೇಟು ಎಷ್ಟು ಎಂಬುದು ಗೊತ್ತಿರುತ್ತದೆ. ರೇಟು ಯಾಕೆ ಬಿತ್ತು ಎಂಬುದು ಯಾರಾದರೂ ಬಿಡಿಸಿ ಹೇಳಿದರೆ ತಿಳಿಯುತ್ತದೆ. ಸಾಲ ತಂದು ಕೊಳವೆಬಾವಿ ಕೊರೆಸುವವನಿಗೆ ಮುಂದಿನ ಕಷ್ಟದ ಅರಿವಿರಬೇಕು. ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಳುವವನು ಮಾತ್ರ ಬಲ್ಲವನು.

ಇಂಗ್ಲಿಷು ಈ ಬಯಲನ್ನು ಬೇರೆ ರೀತಿಯಲ್ಲಿ ಭಾಗ ಮಾಡಿಕೊಂಡಿದೆ. ನಾಲೆಜ್, ಇನ್ಫರ್ಮೇಶನ್, ಅವೇರ್‌ನೆಸ್, ಸ್ಕಿಲ್, ವಿಸ್ಡಮ್ ಎಂದು ಅದು ಹಾಕಿದ ಬೇಲಿಗಳಿಗೂ ಕನ್ನಡದ ಬದುಗಳಿಗೂ ತಾಳೆಯಾಗುವುದಿಲ್ಲ. ಇವೆರಡನ್ನೂ ಹೊಂದಿಸುವ ಕೆಲಸ ಎರಡು ಶತಮಾನಗಳಿಂದ ನಡೆದಿದೆ. ಅದರಲ್ಲಿ ತುಮಕೂರು ಸೀಮೆಯವರ ಪಾಲೂ ದೊಡ್ಡದು.

ಇಂಗ್ಲಿಷು ಬರುವ ಮೊದಲೇ ಕನ್ನಡ ಈ ವಿಷಯದಲ್ಲಿ ತನ್ನ ನಿಲುವು ಹೇಳಿತ್ತು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಈ ನಾಡಿನ ಜನರನ್ನು ಹೊಗಳುವಾಗ, ಪಟ್ಟುಹಿಡಿದು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎನ್ನುತ್ತದೆ. ಓದಿಗೂ ಪರಿಣತಿಗೂ ನಂಟು ಕಡ್ಡಾಯವಲ್ಲ ಎಂಬ ಮಾತು ಅಲ್ಲಿಯೇ ಬಂದಾಯಿತು. ಹನ್ನೆರಡನೇ ಶತಮಾನದ ವಚನಕಾರರು ಅರಿವನ್ನು ಆಚಾರದ ಜೊತೆಗಿಟ್ಟರು. ನಡೆಯಲ್ಲಿ ಕಾಣದ್ದು ಅವರ ಲೆಕ್ಕದಲ್ಲಿ ಅರಿವೇ ಅಲ್ಲ. ಮುಂದೆ ಕುಣಿಗಲ್ ಸೀಮೆಯ ಕಗ್ಗೆರೆ, ಎಡೆಯೂರುಗಳಲ್ಲಿ ನೆಲೆ ನಿಂತ ಸಿದ್ಧಲಿಂಗ ಯತಿಗಳು ತಮ್ಮ ವಚನಗಳನ್ನು ‘ಷಟ್‌ಸ್ಥಲ ಜ್ಞಾನಸಾರಾಮೃತ’ವಾಗಿ ಕೊಟ್ಟರು. ಇಲ್ಲಿ ಜ್ಞಾನ ಎಂದರೆ ಸಾಧಕ ಆರು ಸ್ಥಲಗಳಲ್ಲಿ ಹಂತಹಂತವಾಗಿ ಏರುವ ನಿಲುವು. ತೋಟದಲ್ಲಿ ಬಹುಕಾಲ ತಪಸ್ಸಿಗೆ ಕೂತವರೆಂದು ಜನ ಅವರನ್ನು ತೋಂಟದ ಸಿದ್ಧಲಿಂಗರೆಂದೇ ಕರೆದರು.

ಹೊಸ ಲೆಕ್ಕ ಶುರುವಾದದ್ದು ಮಿಷನರಿಗಳ ನಿಘಂಟುಗಳಿಂದ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೂ ಬಂದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು ಗಾದೆಗಳನ್ನೂ ಆಡುಮಾತನ್ನೂ ಹೊತ್ತು ತಂದಿತು. ಅಂದಿನಿಂದ ಒಂದು ಕಡೆಯ ಪದಕ್ಕೆ ಇನ್ನೊಂದು ಕಡೆಯ ಪದವನ್ನು ಎದುರಿಗಿಡುವುದು ರೂಢಿಯಾಯಿತು. ಜ್ಞಾನಕ್ಕೆ ಎದುರಾಗಿ ನಾಲೆಜ್ ಕೂತಿತು; ಆರು ಸ್ಥಲಗಳ ಏಣಿ ಆ ಸಾಲಿನಲ್ಲಿ ಹಿಡಿಸಲಿಲ್ಲ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಅವರ ಹೆಸರಿನಲ್ಲಿರುವ ಬೆಳ್ಳಾವಿ ತುಮಕೂರು ಜಿಲ್ಲೆಯ ಊರು. ಅಧ್ಯಾತ್ಮದ ಗ್ರಂಥಗಳಲ್ಲಿ ವಿಶೇಷ ಅನುಭವದ ಅರ್ಥ ಹೊತ್ತಿದ್ದ ವಿಜ್ಞಾನ ಎಂಬ ಪದ, ಪ್ರಯೋಗಶಾಲೆಯ ಸೈನ್ಸ್‌ಗೆ ಗಟ್ಟಿಯಾಗಿ ಅಂಟಿಕೊಂಡದ್ದು ಈ ಕಾಲದ ಬರವಣಿಗೆಯಿಂದ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರೆಂದು ಹೆಸರಾದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಪ್ರಕಟವಾಯಿತು. ಶಾಸನ, ಕಾವ್ಯಗಳ ಪ್ರಯೋಗಗಳನ್ನು ಪಕ್ಕದಲ್ಲೇ ಇಟ್ಟು ಅರ್ಥ ಹೇಳುವುದರಿಂದ, ಒಂದು ಪದ ಕಾಲಕಾಲಕ್ಕೆ ಹೇಗೆ ಹೊರಳಿತು ಎಂಬುದು ಅದರಲ್ಲಿ ಸಿಗುತ್ತದೆ. ಅದರ ಸಂಪಾದಕರಲ್ಲಿ ಒಬ್ಬರಾದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದ ಮೂಲಕ ಈ ಚರ್ಚೆಯನ್ನು ಓದುಗರ ಮನೆಗೇ ಒಯ್ದರು.

ಆಮೇಲಿನ ಪದಗಳನ್ನು ರೂಢಿಸಿದ್ದು ಹೆಚ್ಚಾಗಿ ಸರ್ಕಾರ. ಇನ್ಫರ್ಮೇಶನ್‌ಗೆ ಹಳೆಯ ಇಲಾಖೆಯ ಹೆಸರಿನಲ್ಲಿ ‘ವಾರ್ತಾ’ ಎಂದಿದೆ: ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಮರಾಠಿಯ ಕಡೆಯಿಂದ ಬಂದ ‘ಮಾಹಿತಿ’ 2005ರ ಮಾಹಿತಿ ಹಕ್ಕು ಕಾಯ್ದೆಯ ನಂತರ ಹಳ್ಳಿಹಳ್ಳಿಯ ಮಾತಾಯಿತು. 2008ರಲ್ಲಿ ರಾಜ್ಯದಲ್ಲಿ ವಿಜ್ಞಾನಿ ಕಸ್ತೂರಿರಂಗನ್ ಅಧ್ಯಕ್ಷತೆಯಲ್ಲಿ ರಚನೆಯಾದದ್ದು ‘ಜ್ಞಾನ’ ಆಯೋಗ. ಕಾನೂನಿನ ಬಗ್ಗೆ ಎಚ್ಚರ ಮೂಡಿಸುವ ಸಭೆ ಮಾತ್ರ ‘ಕಾನೂನು ಅರಿವು’ ಕಾರ್ಯಕ್ರಮ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವುದು ಅರಿವಳಿಕೆ. ಒಂದೇ ಅರಿವು ವಚನದಲ್ಲಿ ಬೆಳಕು, ಸಭೆಯಲ್ಲಿ ಎಚ್ಚರ, ಆಪರೇಷನ್ ಕೋಣೆಯಲ್ಲಿ ಪ್ರಜ್ಞೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬೋರ್ಡೇ ಪದಗಳ ಈ ಹೊರಳಿಗೆ ಒಳ್ಳೆಯ ದಾಖಲೆ. ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಎಂದಿದ್ದವು ಮುಂದೆ ‘ಅರಿವು ಕೇಂದ್ರ’ಗಳಾದವು. ಹೆಸರಿನ ಮಟ್ಟಿಗಾದರೂ ಇದು ಸರಿಯಾದ ಹೆಜ್ಜೆ.

ಈ ಎಲ್ಲ ದಾರಿಯಲ್ಲಿ ಹಿಂದೆ ಬಿದ್ದದ್ದು ಮಾತ್ರ ‘ಬಲ್ಲ’. ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಕೆಲಸ ನೋಡಿದರೆ ಇದು ಅರ್ಥವಾಗುತ್ತದೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಅಲುಗಿಸಿದಾಗ ನೀರು ಕುಲುಕಿದರೆ ಇನ್ನೂ ಕಾಯಬೇಕು. ಗಡಗಡ ಎಂದು ಉಂಡೆ ಉರುಳಿದರೆ ಸುಲಿಯಬಹುದು. ಚಿಪ್ಪು ಒಡೆಯಬೇಕು, ಉಂಡೆಗೆ ಪೆಟ್ಟು ತಾಗಕೂಡದು. ಹೋಳಾದರೆ ದರ ಹೋಯಿತು. ಈ ಕಿವಿ, ಈ ಕೈ ಮಾಹಿತಿಯಲ್ಲ. ಇದನ್ನು ಬರೀ ಸ್ಕಿಲ್ ಎಂದರೂ ಸಾಲದು, ಏಕೆಂದರೆ ಯಾವ ತೋಟದ, ಯಾವ ಕಾಲದ ಕಾಯಿ ಎಷ್ಟು ದಿನ ತಡೆಯುತ್ತದೆ ಎಂಬ ತಿಳಿವಳಿಕೆಯೂ ಅದರೊಳಗಿದೆ.

ಸಂಶೋಧನೆ ಇಂಥ ಬಲ್ಲವರಿಂದಲೇ ಕಲಿತಿದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರ ಹುಟ್ಟುವ ಮೊದಲೇ ರೈತರು ತಲೆಮಾರುಗಳಿಂದ ಒಳ್ಳೆಯ ತಾಯಿಮರ ಗುರುತಿಸಿ ಬೀಜಕ್ಕೆ ಕಾಯಿ ಇಳಿಸುತ್ತಿದ್ದರು. ಅವರು ಕಾಪಾಡಿಕೊಂಡು ಬಂದ ಮರಗಳೇ ಇಂದು ‘ತಿಪಟೂರು ಟಾಲ್’ ಎಂಬ ಹೆಸರಿನಲ್ಲಿ ಪುಸ್ತಕಕ್ಕೇರಿವೆ. ಅದರಿಂದಲೇ ಆಯ್ದ ‘ಕಲ್ಪತರು’ ತಳಿಯನ್ನು ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ್ದು ಎಂದು ವಿಜ್ಞಾನಿಗಳೂ ಶಿಫಾರಸು ಮಾಡುತ್ತಾರೆ.

ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಎಂಬುದು ಮೊಬೈಲಿನಲ್ಲಿ ಸಿಗುತ್ತದೆ. ಅಟ್ಟದ ಮೇಲಿನ ಕಾಯಿ ಎಂದು ಕೊಬ್ಬರಿಯಾಯಿತು ಎಂಬುದನ್ನು ಮೊಬೈಲು ಹೇಳದು. ಅದನ್ನು ಬಲ್ಲ ಮರ ಹತ್ತುವವರು, ಕಾಯಿ ಸುಲಿಯುವವರು ಕಡಿಮೆಯಾಗುತ್ತಿದ್ದಾರೆ. ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅರಿವು ಕೇಂದ್ರಗಳು ಅವರನ್ನು ವಾರಕ್ಕೊಮ್ಮೆ ಕರೆದು ಕೂರಿಸಿ, ಅವರ ಮಾತುಗಳನ್ನು ಅವರ ಬಾಯಲ್ಲೇ ದಾಖಲಿಸಲಿ. ಮುಂದಿನ ನಿಘಂಟಿಗೆ ಬೇಕಾದ ಪದಗಳು ಅಲ್ಲಿವೆ.