ಜೀರುಂಡೆಯೋ, ನೊಣವೋ? – ಗುರುತಿಸುವ ಬಗೆ

ಮಳೆಗಾಲದ ಸಂಜೆ ದೀಪ ಹಚ್ಚಿದೊಡನೆ ಮುಂಬಯಿಯ ನಮ್ಮ ಮನೆಗಳ ಬಾಲ್ಕನಿಗೆ ಬಗೆಬಗೆಯ ಕೀಟಗಳು ಬಂದೆರಗುತ್ತವೆ. ಅವುಗಳನ್ನು ಗುರುತಿಸಲು ಹೊರಡುವ ಹವ್ಯಾಸಿಗೆ ಮೊದಲ ತೊಡಕು ಹೆಸರುಗಳಿಂದಲೇ ಎದುರಾಗುತ್ತದೆ. ‘ದುಂಬಿ’ ಎಂದರೆ ಕೃಷಿ ಪುಸ್ತಕಗಳಲ್ಲಿ ಗಟ್ಟಿ ರೆಕ್ಕೆಯ ಕೀಟ. ಕಾವ್ಯದಲ್ಲಿ ಹೂವಿಗೆರಗುವ ಭ್ರಮರ. ‘ಜೀರುಂಡೆ’ ಎಂಬ ಹೆಸರನ್ನು ಮರದ ಮೇಲೆ ಕುಳಿತು ಕಿವಿಗಡಚಿಕ್ಕುವಂತೆ ಕೂಗುವ ಬೇರೆಯೇ ಕೀಟಕ್ಕೂ ಹೇಳುವುದುಂಟು. ಆದುದರಿಂದ ಹೆಸರಿಗಿಂತ ಮೊದಲು ರೆಕ್ಕೆಯನ್ನು ನೋಡಬೇಕು.

ಜೀರುಂಡೆ: ಇದರ ಮುಂದಿನ ಜೋಡಿ ರೆಕ್ಕೆಗಳು ಗಟ್ಟಿ ಕವಚಗಳಾಗಿ ಮಾರ್ಪಟ್ಟಿವೆ. ಬೆನ್ನ ನಡುವೆ ಇವೆರಡೂ ನೇರ ಗೆರೆಯಲ್ಲಿ ಕೂಡುತ್ತವೆ. ಹಾರಲು ಬಳಸುವ ತೆಳು ರೆಕ್ಕೆಗಳು ಅವುಗಳಡಿಯಲ್ಲಿ ಮಡಚಿಕೊಂಡಿರುತ್ತವೆ. ತಿಗಣೆಯ ವರ್ಗದ ಕೀಟಗಳಲ್ಲಾದರೋ ರೆಕ್ಕೆಗಳು ಒಂದರ ಮೇಲೊಂದು ಹಾಯುತ್ತವೆ, ಬಾಯಿ ಸೂಜಿಯಂತಿರುತ್ತದೆ. ಜೀರುಂಡೆಯದು ಕಚ್ಚಿ ಅಗಿಯುವ ಬಾಯಿ. ಊರಿನ ತೆಂಗಿಗೆ ಕಂಟಕವಾದ ಕುರುವಾಯಿ, ಗುಲಗಂಜಿ ಹುಳು, ಮಿಂಚುಹುಳು, ಇವೆಲ್ಲ ಈ ವರ್ಗದವೇ. ವಿವರಿಸಲ್ಪಟ್ಟ ಪ್ರಭೇದಗಳೇ ಸುಮಾರು 4 ಲಕ್ಷದಷ್ಟಿವೆ.

ನೊಣ: ಇದಕ್ಕೆ ಹಾರುವ ರೆಕ್ಕೆ ಒಂದೇ ಜೋಡಿ. ಹಿಂದಿನ ಜೋಡಿಯ ಸ್ಥಾನದಲ್ಲಿ ಪುಟ್ಟ ಗುಂಡಿನ ಕಡ್ಡಿಗಳಿದ್ದು, ಹಾರಾಟದಲ್ಲಿ ಸಮತೋಲನ ಕಾಯುತ್ತವೆ. ಸೊಳ್ಳೆಯೂ ಈ ವರ್ಗಕ್ಕೇ ಸೇರಿದೆ.

ಈ ವ್ಯತ್ಯಾಸ ತಿಳಿಯದಿದ್ದರೆ ಉಪಕಾರಿಗಳು ನಮ್ಮ ಕೈಯಲ್ಲೇ ಸಾಯುತ್ತವೆ. ಹೂವಿನ ಮುಂದೆ ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುವ ಹಳದಿ-ಕಪ್ಪು ಪಟ್ಟೆಯ ಹೂನೊಣವನ್ನು ಕಣಜವೆಂದು ಹೊಡೆಯುವವರುಂಟು. ಕಣಜಕ್ಕೆ ನಾಲ್ಕು ರೆಕ್ಕೆ, ಉದ್ದ ಮೀಸೆ. ಹೂನೊಣಕ್ಕೆ ಎರಡೇ ರೆಕ್ಕೆ, ಗಿಡ್ಡ ಮೀಸೆ, ದೊಡ್ಡ ಕಣ್ಣು. ಇದು ಕುಟುಕಲಾರದು. ಇದರ ಅನೇಕ ಪ್ರಭೇದಗಳ ಮರಿಹುಳುಗಳು ಗಿಡಹೇನುಗಳನ್ನು ತಿಂದು ಬೆಳೆಯುತ್ತವೆ. ಗುಲಗಂಜಿ ಹುಳುವಿನ ಮರಿಗಳೂ ಹಾಗೆಯೇ. ಕಪ್ಪು ಮೈ, ಕಿತ್ತಳೆ ಚುಕ್ಕೆಗಳ ಅವು ತಾಯಿಯನ್ನು ಕಿಂಚಿತ್ತೂ ಹೋಲುವುದಿಲ್ಲ. ಕರಿಬೇವಿನ ಕುಂಡದಲ್ಲಿ ಕಂಡ ಇವನ್ನು ಪೀಡೆಯೆಂದು ಭ್ರಮಿಸಿ ನಾವೇ ಔಷಧಿ ಸಿಂಪಡಿಸಿ ಕೊಂದದ್ದುಂಟು. ಕೆಲವೇ ದಿನಗಳಲ್ಲಿ ಗಿಡಹೇನು ಮರಳಿ ಬಂತು; ಅದನ್ನು ತಿನ್ನುವವರು ಮಾತ್ರ ಉಳಿದಿರಲಿಲ್ಲ. ಆದರೆ ಬದನೆಯ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಗುಲಗಂಜಿ ಹುಳುಗಳೂ ಇವೆ. ಅವುಗಳ ಮರಿಗಳು ಹಳದಿ ಬಣ್ಣದವು, ಮೈತುಂಬ ಮುಳ್ಳಿನವು.

ಗುರುತಿಸಲು ಕೀಟವನ್ನು ಕೊಲ್ಲಬೇಕಾಗಿಲ್ಲ. ಮೇಲಿನಿಂದ, ಪಕ್ಕದಿಂದ, ಮುಖದೆದುರಿನಿಂದ ಮೂರು ಚಿತ್ರಗಳನ್ನು ತೆಗೆಯಿರಿ. ಗಾತ್ರ ತಿಳಿಯಲು ಬಳಿಯಲ್ಲಿ ಅಳತೆಪಟ್ಟಿಯಿರಲಿ. ದಿನಾಂಕ, ಸ್ಥಳ, ಕುಳಿತ ಗಿಡದ ಹೆಸರನ್ನು ಬರೆದಿಡಿ. ದೀಪಕ್ಕೆ ಬರುವ ಕೆಲವು ಜೀರುಂಡೆಗಳ ದ್ರವ ತಗಲಿದರೆ ಚರ್ಮದಲ್ಲಿ ಬೊಕ್ಕೆಯೇಳುವುದರಿಂದ ಬರಿಗೈಯಲ್ಲಿ ಮುಟ್ಟದಿರುವುದು ಲೇಸು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಂಥ ರಕ್ಷಿತ ಅರಣ್ಯಗಳಿಂದ ಅನುಮತಿಯಿಲ್ಲದೆ ಯಾವ ಕೀಟವನ್ನೂ ತರಲಾಗದು.

ಕೊನೆಯದಾಗಿ ಒಂದು ಮಾತು. ಅನೇಕ ನೊಣಗಳನ್ನು ಚಿತ್ರದಿಂದ ಕುಟುಂಬದ ಮಟ್ಟದವರೆಗಷ್ಟೇ ಗುರುತಿಸಬಹುದು; ಅದರಾಚೆಗೆ ರೆಕ್ಕೆಯ ನರಗಳನ್ನೂ ಮೈಮೇಲಿನ ಬಿರುಗೂದಲುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ‘ಹೂನೊಣದ ಕುಟುಂಬ’ ಎಂದಷ್ಟೇ ಬರೆದು ನಿಲ್ಲಿಸುವುದು ಸೋಲಲ್ಲ. ತಪ್ಪು ಹೆಸರಿಗಿಂತ ಅರ್ಧ ಹೆಸರೇ ಮೇಲು. ಈ ಮಳೆಗಾಲ ಮಕ್ಕಳೊಡನೆ ಕುಳಿತು ಮೊದಲು ರೆಕ್ಕೆಗಳನ್ನು ಎಣಿಸೋಣ. ಔಷಧಿಯ ಡಬ್ಬಿಯನ್ನು ಆಮೇಲೆ ಹುಡುಕೋಣ.