ಮನೆಯಿಲ್ಲದ ಮೇಳದ ಹತ್ತು ವರ್ಷ

ವಿಯೆನ್ನಾದ ಸರ್ಕಾರಿ ಆಪೆರಾದ ಚರಿತ್ರೆ ಹೇಳುವವರು ಹೆಚ್ಚಾಗಿ ಒಂದು ಕಟ್ಟಡದ ಕಥೆ ಹೇಳುತ್ತಾರೆ. 1869ರಲ್ಲಿ ಎದ್ದಿತು, 1945ರಲ್ಲಿ ಸುಟ್ಟಿತು, 1955ರಲ್ಲಿ ಮತ್ತೆ ಎದ್ದಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆಸ್ಟ್ರಿಯಾ ದೇಶವೇ ಬೂದಿಯಿಂದ ಎದ್ದುಬಂದದ್ದಕ್ಕೆ ಈ ಕಟ್ಟಡ ಸಾಕ್ಷಿಯಾಗಿ ನಿಲ್ಲುತ್ತದೆ. ಈ ಕಥನದಲ್ಲಿ ನಡುವಿನ ಹತ್ತು ವರ್ಷಗಳಿಗೆ ಜಾಗವಿಲ್ಲ. ಮನೆಯಿಲ್ಲದಾಗ ಆಪೆರಾ ಎಲ್ಲಿಂದ ಬರಬೇಕು ಎಂಬ ಭಾವನೆ ಅದರ ಬೆನ್ನಿಗಿದೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಆಪೆರಾ ಎಂಬುದು ಗೋಡೆ ಕಂಬಗಳಲ್ಲಿ ಇರುವುದಿಲ್ಲ. ಸಂಬಳಕ್ಕೆ ನಿಂತು ದಿನವೂ ಜೊತೆಯಾಗಿ ಹಾಡುವ, ಬಾರಿಸುವ, ಕುಣಿಯುವ ಮೇಳದಲ್ಲಿ ಇರುತ್ತದೆ. ಹಾಗೆ ನೋಡಿದರೆ 1945ರಿಂದ 1955ರವರೆಗಿನ ಕಾಲವೇ ವಿಯೆನ್ನಾ ಆಪೆರಾ ತನ್ನತನವನ್ನು ಅತ್ಯಂತ ಚೆನ್ನಾಗಿ ತೋರಿಸಿದ ಕಾಲ.

ಕಟ್ಟಡದ ಹುಟ್ಟಿನ ಕಥೆ ಅಷ್ಟೇನೂ ಮಂಗಳಕರವಲ್ಲ. 1857ರ ಡಿಸೆಂಬರ್‌ನಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಹಳೆಯ ಊರಿನ ಕೋಟೆಗೋಡೆ ಕೆಡವಲು ಅಪ್ಪಣೆ ಕೊಟ್ಟ. ಆ ಜಾಗದಲ್ಲಿ ಬಂದ ಅಗಲವಾದ ವರ್ತುಲ ರಸ್ತೆಯ ಮೊದಲ ದೊಡ್ಡ ಸಾರ್ವಜನಿಕ ಕಟ್ಟಡಗಳಲ್ಲಿ ಇದೂ ಒಂದು. ವಾಸ್ತುಶಿಲ್ಪಿಗಳು ಇಬ್ಬರು: ಸಿಕಾರ್ಡ್ಸ್‌ಬುರ್ಗ್ ಮತ್ತು ವಾನ್ ಡೆರ್ ನಲ್. ಕೆಲಸ ಶುರುವಾದ ಮೇಲೆ ಮುಂದಿನ ರಸ್ತೆಯ ಮಟ್ಟವನ್ನು ಸುಮಾರು ಒಂದು ಮೀಟರ್ ಎತ್ತರಿಸಿದರು. ಕಟ್ಟಡ ನೆಲದಲ್ಲಿ ಹೂತಂತೆ ಕಾಣತೊಡಗಿತು. ಊರಿನವರು ಅದನ್ನು ಮುಳುಗಿದ ಪೆಟ್ಟಿಗೆ ಎಂದು ಆಡಿಕೊಂಡರು. 1868ರ ಏಪ್ರಿಲ್‌ನಲ್ಲಿ ವಾನ್ ಡೆರ್ ನಲ್ ನೇಣು ಹಾಕಿಕೊಂಡ, ಎರಡೇ ತಿಂಗಳಲ್ಲಿ ಸಿಕಾರ್ಡ್ಸ್‌ಬುರ್ಗ್ ಕಾಯಿಲೆಯಿಂದ ತೀರಿಕೊಂಡ. 1869ರ ಮೇ 25ರಂದು ಮೊಜಾರ್ಟ್‌ನ ‘ಡಾನ್ ಜೊವಾನಿ’ಯೊಂದಿಗೆ ಬಾಗಿಲು ತೆರೆದಾಗ ಕಟ್ಟಿದವರಿಬ್ಬರೂ ಇರಲಿಲ್ಲ. ಆದರೆ ಅಂದು ರಂಗ ಹತ್ತಿದ ಮೇಳ ಹೊಸದಾಗಿರಲಿಲ್ಲ. ಆಸ್ಥಾನದ ಆಪೆರಾ ಮೇಳ ಅದುವರೆಗೆ ಹತ್ತಿರದ ಕೆರ್ಂಟ್ನರ್‌ಟೋರ್ ರಂಗಮಂದಿರದಲ್ಲಿ ಆಡುತ್ತಿತ್ತು. ಅಲ್ಲಿನ ವಾದ್ಯವೃಂದದವರು ಆಟೋ ನಿಕೊಲಾಯ್ ನೇತೃತ್ವದಲ್ಲಿ 1842ರಲ್ಲೇ ತಮ್ಮದೇ ಕಛೇರಿಗಳನ್ನು ಆರಂಭಿಸಿದ್ದರು. ಇಂದು ಜಗತ್ತೆಲ್ಲ ಬಲ್ಲ ವಿಯೆನ್ನಾ ಫಿಲ್‌ಹಾರ್ಮೋನಿಕ್ ಹುಟ್ಟಿದ್ದು ಹಾಗೆ, ಈಗಿನ ಕಟ್ಟಡಕ್ಕಿಂತ ಇಪ್ಪತ್ತೇಳು ವರ್ಷ ಮೊದಲು. ಮೇಳ ಹಳೆಯದು, ಮನೆ ಹೊಸದು.

ಆ ಮೇಳ ನಡೆಯುವ ಬಗೆ ಯೂರೋಪಿನ ಎಲ್ಲ ಕಡೆ ಒಂದೇ ಅಲ್ಲ. ಇಟಲಿಯ ಕ್ರಮದಲ್ಲಿ ಒಂದು ಕೃತಿಗೆಂದೇ ಗಾಯಕರನ್ನು ಕರೆಸಿ, ಕೆಲವು ವಾರ ತಾಲೀಮು ಮಾಡಿ, ಅದನ್ನೇ ಹಲವು ಸಲ ಆಡಿ, ಮುಗಿದ ಮೇಲೆ ಕಳಿಸಿಬಿಡುತ್ತಾರೆ. ವಿಯೆನ್ನಾದ್ದು ಅದಲ್ಲ. ಇಂದು ವಾಗ್ನರ್ ಆದರೆ ನಾಳೆ ವೆರ್ಡಿ, ನಾಡಿದ್ದು ಬ್ಯಾಲೆ. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಹೆಚ್ಚುಕಡಿಮೆ ದಿನವೂ ಆಟ. ದೃಶ್ಯಪರಿಕರಗಳು ಹಳೆಯ ಸೇನಾ ಉಗ್ರಾಣದ ಆವರಣದಿಂದ ಲಾರಿಗಳಲ್ಲಿ ಬಂದುಹೋಗುತ್ತಿರುತ್ತವೆ. 1958ರಲ್ಲಿ ಮಾರ್ಗರೇಟ್ ವಾಲ್ಮನ್ ಕಟ್ಟಿದ ‘ಟೋಸ್ಕಾ’ ಆರುನೂರಕ್ಕೂ ಹೆಚ್ಚು ಸಲ ರಂಗಕ್ಕೆ ಬಂದಿದೆ. ಇಷ್ಟೊಂದು ಕೃತಿಗಳನ್ನು ಪ್ರತಿ ಸಲವೂ ಹೊಸದಾಗಿ ಕಲಿಸಲು ಸಮಯ ಎಲ್ಲಿದೆ? ಅವು ವಾದಕರ ಬೆರಳಲ್ಲಿ, ಮೇಳಗಾಯಕರ ಗಂಟಲಲ್ಲಿ, ಪರದೆ ಎಳೆಯುವವರ ಕೈಯಲ್ಲಿ ಉಳಿದಿರಬೇಕು. ಫಿಲ್‌ಹಾರ್ಮೋನಿಕ್ ಸಂಘದ ನಿಯಮದಲ್ಲೂ ಇದೇ ಕಾಣುತ್ತದೆ. ಆಪೆರಾದ ವಾದ್ಯವೃಂದದಲ್ಲಿ ಮೂರು ವರ್ಷ ದುಡಿದವರು ಮಾತ್ರ ಅದರ ಸದಸ್ಯತ್ವ ಕೇಳಬಹುದು. ಹೊರಗೆ ಎಷ್ಟೇ ಹೆಸರು ಮಾಡಿದವನಾದರೂ ರಂಗದ ಮುಂದಿನ ವಾದಕರ ಗುಂಡಿಯಲ್ಲಿ ಕುಳಿತು, ಹಾಡುವವರ ಉಸಿರಿಗೆ ಕಿವಿಗೊಡುವುದನ್ನು ಕಲಿಯಲೇಬೇಕು. 1897ರಿಂದ 1907ರವರೆಗೆ ಈ ಆಪೆರಾವನ್ನು ನಡೆಸಿದ ಗುಸ್ತಾವ್ ಮಾಹ್ಲರ್ ಕೂಡ ತಿದ್ದಿದ್ದು ಕಟ್ಟಡವನ್ನಲ್ಲ. ಕಾಸಿಗೆ ಚಪ್ಪಾಳೆ ಹೊಡೆಯುವವರನ್ನು ದೂರವಿಟ್ಟ, ತಡವಾಗಿ ಬರುವವರನ್ನು ಬಾಗಿಲಲ್ಲೇ ತಡೆದ, ಹಳೆಯ ಚಾಳಿಯ ಗಾಯಕರನ್ನು ಬದಲಿಸಿದ. ಅವನ ಕೆಲಸವೆಲ್ಲ ಮನುಷ್ಯರ ಮೇಲೆ.

ಈಗ 1945ಕ್ಕೆ ಬರೋಣ. ಹಳೆಯ ಸಭಾಂಗಣದಲ್ಲಿ ಕಡೆಯದಾಗಿ ಆಡಿದ್ದು 1944ರ ಜೂನ್ 30ರಂದು ವಾಗ್ನರ್‌ನ ‘ದೇವತೆಗಳ ಅವಸಾನ’. ಹೆಸರೇ ಭವಿಷ್ಯ ನುಡಿದಂತಿದೆ ಎಂದು ಎಲ್ಲರೂ ಬರೆಯುತ್ತಾರೆ. ಅದು ಬರೀ ಕಾಕತಾಳೀಯ. ಸೆಪ್ಟೆಂಬರ್‌ನಲ್ಲಿ ನಾಜಿ ಸರ್ಕಾರ ರಂಗಮಂದಿರಗಳನ್ನೆಲ್ಲ ಮುಚ್ಚಿಸಿತು. 1945ರ ಮಾರ್ಚ್ 12ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ರಂಗವೂ ಸಭಾಂಗಣವೂ ಉರಿದುಹೋದವು. ಸುಮಾರು 120 ಕೃತಿಗಳ ರಂಗಸಜ್ಜು ಮತ್ತು ಒಂದೂವರೆ ಲಕ್ಷದಷ್ಟು ಉಡುಪುಗಳು ಅಲ್ಲೇ ಬೂದಿಯಾದವು. ಮುಂಭಾಗದ ಮೆಟ್ಟಿಲಸಾಲು, ಚಿತ್ರಕಾರ ಶ್ವಿಂಡ್‌ನ ಭಿತ್ತಿಚಿತ್ರಗಳಿದ್ದ ಪಡಸಾಲೆ ಮೊದಲಾದ ಕೆಲವು ಭಾಗಗಳು ಮಾತ್ರ ಉಳಿದವು. ಇದಾದ ಐವತ್ತನೆಯ ದಿನ, ಮೇ 1ರಂದು, ಜರ್ಮನಿ ಇನ್ನೂ ಶರಣಾಗಿರದಿದ್ದಾಗಲೇ, ಅದೇ ಮೇಳ ಫೋಕ್ಸ್‌ಆಪರ್ ಎಂಬ ಬೇರೊಂದು ರಂಗಮಂದಿರದಲ್ಲಿ ‘ಫಿಗರೋನ ಮದುವೆ’ ಆಡಿತು. ವಾದ್ಯವೃಂದವನ್ನು ನಡೆಸಿದವನು ಯೋಸೆಫ್ ಕ್ರಿಪ್ಸ್. ತಂದೆಯ ಯಹೂದಿ ಮೂಲದ ಕಾರಣಕ್ಕೆ ನಾಜಿಗಳು ಅವನಿಗೆ ಸಂಗೀತ ನಿಷೇಧಿಸಿದ್ದರು. ಯುದ್ಧಕಾಲದಲ್ಲಿ ಆಹಾರ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಅಂದು ಕೆರುಬಿನೋ ಪಾತ್ರ ಹಾಡಿದವಳು ಸೇನಾ ಯುರಿನಾಟ್ಸ್. 1944ರಲ್ಲೇ ಅವಳನ್ನು ನೇಮಿಸಿಕೊಂಡಿದ್ದರೂ, ಬಾಗಿಲು ಮುಚ್ಚಿದ್ದರಿಂದ ಆ ಹಳೆಯ ಸಭಾಂಗಣದಲ್ಲಿ ಹಾಡುವ ಅವಕಾಶವೇ ಸಿಕ್ಕಿರಲಿಲ್ಲ. ಮನೆ ನೋಡದೆಯೇ ಮನೆಯವಳಾದಳು. ಅಕ್ಟೋಬರ್ 6ರಂದು ಮೇಳ ಥಿಯೇಟರ್ ಆನ್ ಡೆರ್ ವೀನ್‌ಗೆ ಬಂದು ಬೀಥೋವನ್‌ನ ‘ಫಿಡೆಲಿಯೋ’ದೊಂದಿಗೆ ಬಿಡಾರ ಹೂಡಿತು. ಆ ಕೃತಿ 1805ರಲ್ಲಿ ಮೊದಲು ಕೇಳಿಬಂದದ್ದೂ ಅಲ್ಲೇ.

ಆ ರಂಗಮಂದಿರ ಚಿಕ್ಕದು. ವಾಗ್ನರ್‌ನಂಥ ಭಾರಿ ಕೃತಿಗಳಿಗೆ ಇಕ್ಕಟ್ಟು, ಮೊಜಾರ್ಟ್‌ಗೆ ಹೇಳಿ ಮಾಡಿಸಿದಂಥದ್ದು. ಸೀಫ್ರೀಡ್, ಯುರಿನಾಟ್ಸ್, ಶ್ವಾರ್ಟ್ಸ್‌ಕೋಫ್, ಡೆರ್ಮೋಟಾ, ಕುನ್ಸ್ ಮೊದಲಾದವರು ಹಸಿವು, ಚಳಿ, ನಾಲ್ಕು ಸೈನ್ಯಗಳ ಆಳ್ವಿಕೆಯ ನಡುವೆ ವರ್ಷಗಟ್ಟಲೆ ಪರಸ್ಪರರ ಜೊತೆ ಹಾಡಿದರು. ಇಂದು ‘ವಿಯೆನ್ನಾ ಮೊಜಾರ್ಟ್ ಮೇಳ’ ಎಂದು ಸಂಗೀತಪ್ರಿಯರು ನೆನೆಯುವ ಆ ನಯವಾದ, ಯಾರೂ ಯಾರನ್ನೂ ಮೀರಿಸದ ಗಾಯನ ಹದಗೊಂಡದ್ದು ಈ ಬಾಡಿಗೆ ಬಿಡಾರದಲ್ಲಿ. 1947ರ ಸೆಪ್ಟೆಂಬರ್‌ನಲ್ಲಿ ಈ ಮನೆಯಿಲ್ಲದ ಮೇಳ ಲಂಡನ್ನಿನ ಕೋವೆಂಟ್ ಗಾರ್ಡನ್‌ಗೆ ಹೋದಾಗ ಅಲ್ಲಿನವರು ಅದನ್ನು ವಿಯೆನ್ನಾ ಸರ್ಕಾರಿ ಆಪೆರಾ ಎಂದೇ ಬರಮಾಡಿಕೊಂಡರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದು. ಮೇಳದ ಅವಿಚ್ಛಿನ್ನ ಪರಂಪರೆ ಎಂದು ಹೊಗಳುವಾಗ 1938 ಎಲ್ಲಿ ಹೋಯಿತು? ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಕೂಡಲೇ ಯಹೂದಿ ಕಲಾವಿದರನ್ನು ಹೊರದಬ್ಬಿದರು. 1881ರಿಂದ ವಾದ್ಯವೃಂದದ ಮೊದಲ ಪಿಟೀಲುಗಾರನಾಗಿದ್ದ ಆರ್ನಾಲ್ಡ್ ರೊಸೆ, ಮಾಹ್ಲರ್‌ನ ತಂಗಿಯ ಗಂಡ, ಐವತ್ತೇಳು ವರ್ಷ ದುಡಿದ ಮೇಲೆ ಲಂಡನ್ನಿಗೆ ಓಡಿಹೋಗಬೇಕಾಯಿತು. ಮಗಳು ಆಲ್ಮಾ 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಸತ್ತಳು. ವಾದ್ಯವೃಂದದ ಏಳು ಮಂದಿ ಆ ಕ್ರೌರ್ಯಕ್ಕೆ ಬಲಿಯಾದರು. ಇತಿಹಾಸಕಾರರ ಲೆಕ್ಕದಂತೆ 1942ರ ಹೊತ್ತಿಗೆ 123 ವಾದಕರಲ್ಲಿ 60 ಮಂದಿ ನಾಜಿ ಪಕ್ಷದ ಸದಸ್ಯರು. ಯುದ್ಧದ ನಂತರ ಅವರಲ್ಲಿ ಬಹುತೇಕರು ತಮ್ಮ ಕುರ್ಚಿಗಳಲ್ಲೇ ಉಳಿದರು. ಜೊತೆಗೆ ಫಿಲ್‌ಹಾರ್ಮೋನಿಕ್ ಸಂಘ ಹೆಂಗಸರಿಗೆ 1997ರವರೆಗೆ ಸದಸ್ಯತ್ವ ಕೊಡಲಿಲ್ಲ. ಪರಂಪರೆ ಎಂದರೆ ಬಾಗಿಲು ಹಾಕಿಕೊಳ್ಳುವುದೂ ಹೌದು. ಇದನ್ನೆಲ್ಲ ಒಪ್ಪಬೇಕು. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಕಟುವಾಗುತ್ತದೆ. ಆಪೆರಾ ಎಂದರೆ ಮನುಷ್ಯರೇ ಆದರೆ ಅದಕ್ಕೆ ಬೆಂಕಿ ಬಿದ್ದದ್ದು 1945ರಲ್ಲಲ್ಲ, 1938ರಲ್ಲಿ. ಹಚ್ಚಿದವರು ಹೊರಗಿನವರಷ್ಟೇ ಅಲ್ಲ. ಕಟ್ಟಡದ ಕಥೆ ಹೇಳುವುದರಲ್ಲಿ ಇರುವ ಅನುಕೂಲವೇ ಇದು: ಬಾಂಬು ಅಮೆರಿಕದ್ದು, ನಷ್ಟ ನಮ್ಮದು ಎಂದು ನಿಟ್ಟುಸಿರು ಬಿಡಬಹುದು. ಮೇಳದ ಕಥೆ ಹೇಳಹೊರಟರೆ ಯಾರ ಕುರ್ಚಿ ಖಾಲಿಯಾಯಿತು ಎಂದು ಎಣಿಸಲೇಬೇಕಾಗುತ್ತದೆ. 1947ರ ಲಂಡನ್ ಪ್ರವಾಸದಲ್ಲಿ ಈ ಮೇಳದ ಹಳೆಯ ಗಾಯಕ ರಿಚರ್ಡ್ ಟೌಬರ್ ಹಳೆಯ ಗೆಳೆಯರ ಜೊತೆ ಒಂದು ರಾತ್ರಿ ‘ಡಾನ್ ಜೊವಾನಿ’ಯಲ್ಲಿ ಹಾಡಿದ. 1938ರಲ್ಲಿ ದೇಶ ಬಿಟ್ಟವನು, ಶ್ವಾಸಕೋಶದ ಕ್ಯಾನ್ಸರ್‌ನಿಂದ ನರಳುತ್ತಿದ್ದವನು. ಮೂರೇ ತಿಂಗಳ ಮೇಲೆ ತೀರಿಕೊಂಡ. ಅವನಿಗೆ ಆಪೆರಾ ಮರಳಿ ಸಿಕ್ಕಿದ್ದು ಆ ಒಂದು ರಾತ್ರಿಯ ಮಟ್ಟಿಗೆ, ಪರದೇಶದ ರಂಗದ ಮೇಲೆ.

ಎರಡನೆಯ ಆಕ್ಷೇಪ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನದು ಎನ್ನಬಹುದು. 1919ರಿಂದ 1924ರವರೆಗೆ ವಿಯೆನ್ನಾ ಆಪೆರಾದ ಜಂಟಿ ನಿರ್ದೇಶಕನಾಗಿದ್ದ ಅವನು, ಮ್ಯೂನಿಕ್, ಡ್ರೆಸ್ಡೆನ್, ವಿಯೆನ್ನಾಗಳ ಆಪೆರಾ ಮಂದಿರಗಳು ಒಂದೊಂದಾಗಿ ಉರುಳಿದಾಗ ಕಟ್ಟಡಗಳಿಗಾಗಿಯೇ ಅತ್ತ. ಇಪ್ಪತ್ಮೂರು ತಂತಿವಾದ್ಯಗಳ ‘ಮೆಟಮಾರ್ಫೋಸೆನ್’ ಬರೆಯಲು ಅವನು ಕುಳಿತದ್ದು ವಿಯೆನ್ನಾ ಸುಟ್ಟ ಮರುದಿನ. ಅಂಥವನಿಗೆ ಕಟ್ಟಡ ಬರೀ ಗೋಡೆಯಾಗಿರಲಿಲ್ಲ, ನಿಜ. ಆದರೆ ಅವನ ಕೊನೆಯ ನಾಲ್ಕು ಹಾಡುಗಳಿಗೆ ದನಿ ಬಂದದ್ದು ಹೇಗೆಂದು ನೋಡಿ. 1950ರ ಮೇ 22ರಂದು ಲಂಡನ್ನಿನಲ್ಲಿ ಅವುಗಳನ್ನು ನುಡಿಸಿದ್ದು ಫಿಲ್‌ಹಾರ್ಮೋನಿಯಾ, ಸ್ವಂತ ಮನೆಯಿಲ್ಲದ, ಐದು ವರ್ಷದ ಎಳೆಯ ವಾದ್ಯವೃಂದ. ಆ ಕಛೇರಿಯ ಖರ್ಚಿಗೆ ಒತ್ತಾಸೆಯಾಗಿ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅರಮನೆಗಳ ನಡುವೆಯೇ ಬೆಳೆದ ಆ ಸಂಗೀತಜ್ಞ ದೊರೆ ಪಾಶ್ಚಾತ್ಯ ಸಂಗೀತಕ್ಕೆಂದು ಹಣ ಕೊಟ್ಟಾಗ ಅದು ಕಲ್ಲು ಗಾರೆಗೆ ಹೋಗಲಿಲ್ಲ, ನುಡಿಸುವವರಿಗೆ ಮತ್ತು ಅವರ ಧ್ವನಿಮುದ್ರಣಕ್ಕೆ ಹೋಯಿತು. ಸರ್ಕಾರದ ಸಂಬಳ ಇಲ್ಲದಿದ್ದರೆ ವಿಯೆನ್ನಾದ ಮೇಳವೂ ಚದುರಿಹೋಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಆ ಸಂಬಳ ಕಟ್ಟಡವಿಲ್ಲದ ಹತ್ತು ವರ್ಷವೂ ನಿಲ್ಲಲಿಲ್ಲ.

1955ರ ನವೆಂಬರ್ 5ರಂದು ಎರಿಕ್ ಬೋಲ್ಟೆನ್‌ಸ್ಟರ್ನ್ ರೂಪಿಸಿದ ಹೊಸ ಸಭಾಂಗಣ ‘ಫಿಡೆಲಿಯೋ’ದೊಂದಿಗೆ ತೆರೆಯಿತು. ಕೊನೆಯ ವಿದೇಶಿ ಸೈನಿಕ ದೇಶ ಬಿಟ್ಟು ಎರಡು ವಾರವೂ ಆಗಿರಲಿಲ್ಲ, ಸಂಭ್ರಮ ಸಹಜ. ಮೇಳ ಸಡಿಲವಾಗತೊಡಗಿದ್ದೂ ಆ ಹೊತ್ತಿನಿಂದಲೇ. ನಿರ್ದೇಶಕ ಕಾರ್ಲ್ ಬೋಮ್ ಹೊರದೇಶದ ಕಛೇರಿಗಳನ್ನು ಬಿಡಲೊಲ್ಲದೆ, ಪ್ರೇಕ್ಷಕರ ಕೂಗಾಟ ಎದುರಿಸಿ, 1956ರಲ್ಲಿ ಹೊರಟುಹೋದ. ಬಳಿಕ ಬಂದ ಹೆರ್ಬರ್ಟ್ ಫಾನ್ ಕಾರಾಯಾನ್ ಇಟಲಿಯ ಕೃತಿಗಳನ್ನು ಇಟಾಲಿಯನ್ ಭಾಷೆಯಲ್ಲೇ ಹಾಡಿಸಿದ, ಮಿಲಾನ್‌ನ ಲಾ ಸ್ಕಾಲಾ ಜೊತೆ ಒಪ್ಪಂದ ಮಾಡಿಕೊಂಡ, ವಿಮಾನದಲ್ಲಿ ಬಂದಿಳಿಯುವ ತಾರೆಗಳನ್ನು ತುಂಬಿದ. ಮೇಳ ಸಡಿಲವಾದದ್ದಕ್ಕೆ ಹೊಸ ಕಟ್ಟಡವನ್ನೊಂದನ್ನೇ ದೂರಲಾಗದು. ವಿಮಾನ ಮತ್ತು ಎಲ್‌ಪಿ ತಟ್ಟೆ ಯೂರೋಪಿನ ಎಲ್ಲೆಡೆ ಗಾಯಕರನ್ನು ಅಲೆಮಾರಿಗಳನ್ನಾಗಿ ಮಾಡುತ್ತಿದ್ದವು. ಆದರೂ ಎರಡು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರು ಹಿಡಿಸುವ ಭವ್ಯ ಮಂದಿರಕ್ಕೆ ದೊಡ್ಡ ಹೆಸರುಗಳು ಬೇಕೆನಿಸುವುದು ಸುಲಭ, ಇಕ್ಕಟ್ಟಿನ ಬಿಡಾರಕ್ಕೆ ಹಾಗೆ ಅನಿಸುವುದು ಕಷ್ಟ.

ಊರಿನ ಖಾಯಂ ಮೇಳ, ಬಂದುಹೋಗುವ ತಾರೆಗಳು ಎಂಬ ಈ ಎರಡು ಕ್ರಮಗಳ ಜಗಳ 1963ರ ನವೆಂಬರ್‌ನಲ್ಲಿ, ಹಾಡುವವರಿಗೆ ಮಾತು ಎತ್ತಿಕೊಡುವ ಒಬ್ಬ ಪ್ರಾಂಪ್ಟರನ ಸುತ್ತ ಸ್ಫೋಟಿಸಿತು. ‘ಲಾ ಬೋಹೆಮ್’ ಪ್ರಯೋಗಕ್ಕೆ ಕಾರಾಯಾನ್ ಮಿಲಾನ್‌ನಿಂದ ಇಟಾಲಿಯನ್ ಪ್ರಾಂಪ್ಟರನೊಬ್ಬನನ್ನು ಕರೆಸಿದ. ಆ ಕೆಲಸ ನಮ್ಮದು ಎಂದು ಮೇಳದ ಕಾರ್ಮಿಕ ಸಂಘ ಮುಷ್ಕರ ಹೂಡಿತು. ಅಂದು ಬಂದ ಪ್ರೇಕ್ಷಕರನ್ನು ಹಿಂದಕ್ಕೆ ಕಳಿಸಿದರು. ಕೆಲವು ದಿನಗಳ ಬಳಿಕ ಪ್ರಯೋಗ ನಡೆದದ್ದು ಪ್ರಾಂಪ್ಟರನೇ ಇಲ್ಲದೆ. ಪತ್ರಿಕೆಗಳಿಗೆ ಅದು ಗುಮಾಸ್ತರ ಹಟದಂತೆ ಕಂಡಿತು, ಕಲೆಯ ದೃಷ್ಟಿಯಿಂದ ಕಾರಾಯಾನ್ ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ರಂಗದ ಮೇಲೆ ತಮ್ಮ ಹಕ್ಕು ಬಾಗಿಲು ತೆರೆದ ದಿನದಿಂದ ಬಂದದ್ದಲ್ಲ, ಅದಕ್ಕೂ ಹಿಂದಿನದು ಎಂಬ ಮೇಳದ ಹಟ ಅದರ ಒಳಗಿತ್ತು. ಮುಂದಿನ ವರ್ಷ ಕಾರಾಯಾನ್ ರಾಜೀನಾಮೆ ಕೊಟ್ಟ. ಆ ‘ಬೋಹೆಮ್’ ಮಾತ್ರ ದಶಕಗಳ ಕಾಲ ಪಟ್ಟಿಯಲ್ಲೇ ಉಳಿಯಿತು, ಮಿಮಿ ಪಾತ್ರಕ್ಕೆ ಯಾವ ಊರಿನ ತಾರೆ ಬಂದಿಳಿದರೂ ಗುಂಡಿಯಲ್ಲಿದ್ದವರು ವಿಯೆನ್ನಾದವರೇ.